ಫೈಲಿನ ಹೆಸರು, ಪುಟದ ವಿಳಾಸ: ಶಿರಸಿಯಲ್ಲಿ ನಾನು ಮಾಡಿ ನೋಡಿದ್ದು

ಶಿರಸಿಯಲ್ಲಿ ಕುಳಿತು, ಉಪ್ಪಿನಕಾಯಿ, ಅಡಿಕೆ ಮಾರುವವರಿಗೂ ಹೋಮ್‌ಸ್ಟೇ ನಡೆಸುವವರಿಗೂ ನಾನು ವೆಬ್‌ಸೈಟ್ ಮಾಡಿಕೊಡುತ್ತೇನೆ. ಗೂಗಲ್ ಹುಡುಕಾಟದಲ್ಲಿ ಸೈಟುಗಳು ಮೇಲೆ ಬರಲೆಂದು ಫೈಲುಗಳ ಹೆಸರನ್ನೂ ಪುಟಗಳ ವಿಳಾಸವನ್ನೂ ಮೊದಲಿನಿಂದ ಸರಿಪಡಿಸುತ್ತೇನೆಂದು ಹೊರಟಾಗ, "ಅದರಿಂದ ಏನೂ ಆಗುವುದಿಲ್ಲ ಮಾರಾಯ, ಆ ದುಡ್ಡನ್ನು ಜಾಹೀರಾತಿಗೆ ಹಾಕು" ಎಂದು ಇದೇ ಕೆಲಸದ ಗೆಳೆಯರು ಹೇಳಿದ್ದರು. ಪ್ರಯೋಜನವಾಯಿತು. ಆದರೆ ಅದಕ್ಕೂ ಮೊದಲು ನಾನು ಕೆಟ್ಟದಾಗಿ ಸೋತಿದ್ದೆ.

ಮೊದಲು ಕೈಹಾಕಿದ್ದು ಅಪ್ಪೆಮಿಡಿ ಉಪ್ಪಿನಕಾಯಿಯವರ ಸೈಟಿಗೆ. ಸುಮಾರು 140 ಫೋಟೋಗಳು ಕ್ಯಾಮೆರಾ ಕೊಟ್ಟ ಅಂಕಿಗಳ ಹೆಸರಿನಲ್ಲೇ ಇದ್ದವು. ಪುಟಗಳ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೊಂದು ಐಡಿ ಸಂಖ್ಯೆ, ಅಷ್ಟೆ. ಎರಡು ರಾತ್ರಿ ಕುಳಿತು ಎಲ್ಲವನ್ನೂ ಬದಲಿಸಿ ಏರಿಸಿದೆ. ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಚಿತ್ರಗಳೇ ಇಲ್ಲ. ನನ್ನ ವಿಂಡೋಸ್ ಯಂತ್ರ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಮಾಡದು, ಸೈಟನ್ನು ಇಟ್ಟಿರುವ ಲಿನಕ್ಸ್ ಸರ್ವರ್ ಮಾಡುತ್ತದೆ. ಹೆಸರಿನ ಕೊನೆಗೆ ಕ್ಯಾಮೆರಾ ದೊಡ್ಡಕ್ಷರದಲ್ಲಿ ಬರೆದಿದ್ದ ಜೆಪಿಜಿ ಎಂಬ ಬಾಲವನ್ನು ಪುಟಗಳಲ್ಲಿ ನಾನು ಸಣ್ಣಕ್ಷರದಲ್ಲಿ ಬರೆದಿದ್ದೆ.

ಅದನ್ನು ಒಂದು ಗಂಟೆಯಲ್ಲಿ ಸರಿಪಡಿಸಿದೆನಾದರೂ ನಿಜವಾದ ತಪ್ಪು ಬೇರೆಯೇ ಇತ್ತು. ಹಳೆಯ ವಿಳಾಸಗಳಿಗೆ 301 ರೀಡೈರೆಕ್ಟ್ (ಅಲ್ಲಿಗೆ ಬಂದವರನ್ನು ಹೊಸ ವಿಳಾಸಕ್ಕೆ ಕಳಿಸುವ ಸೂಚನೆ) ಹಾಕಿರಲಿಲ್ಲವಾದ್ದರಿಂದ, ಗೂಗಲ್‌ಗೆ ಗೊತ್ತಿದ್ದ ಪುಟಗಳೆಲ್ಲ 404, ಅಂದರೆ 'ಪುಟ ಸಿಗಲಿಲ್ಲ' ಎಂದಾಗಿ, ದಿನಕ್ಕೆ ತೊಂಬತ್ತರ ಆಸುಪಾಸಿನಲ್ಲಿದ್ದ ಭೇಟಿಗಳು ಮೂರು ವಾರಗಳಲ್ಲಿ ಇಪ್ಪತ್ತಕ್ಕೆ ಇಳಿದವು. ಅದು ಮಿಡಿಯ ಹಂಗಾಮು. ಮಾಲೀಕರು ನನ್ನ ಬಿಲ್ಲಿನಲ್ಲಿ 12,000 ರೂಪಾಯಿ ತಡೆಹಿಡಿದರು, ಅದು ನ್ಯಾಯವೇ. ಗಾಬರಿಯಲ್ಲಿ ಒಬ್ಬ ಸಲಹೆಗಾರರಿಗೆ ಎಂಟು ಸಾವಿರ ಕೊಟ್ಟೆ. ಅವರು ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಗೂಗಲ್‌ಗೆ ಮತ್ತೊಮ್ಮೆ ಸಲ್ಲಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಅವಸರದಲ್ಲಿ ಹಳೆಯ ವಿಳಾಸಗಳನ್ನೆಲ್ಲ ಮುಖಪುಟಕ್ಕೇ ತಿರುಗಿಸಿದೆ, ಅವನ್ನು ಗೂಗಲ್ 'ಸಾಫ್ಟ್ 404' (ತೆರೆದರೂ ಇಲ್ಲದಂಥ ಪುಟ) ಎಂದು ತಳ್ಳಿಹಾಕಿತು. ಕೊನೆಗೆ ಪ್ರತಿಯೊಂದು ಹಳೆಯ ಪುಟವನ್ನೂ ಅದಕ್ಕೆ ಸರಿಯಾದ ಹೊಸ ಪುಟಕ್ಕೆ ಜೋಡಿಸಿದ ಮೇಲೆ, ಎರಡೂವರೆ ತಿಂಗಳಲ್ಲಿ ಭೇಟಿಗಳು ಮೊದಲಿನ ಮಟ್ಟಕ್ಕೆ ಬಂದು, ನಂತರ ಅದನ್ನು ದಾಟಿದವು.

ಹೆಸರಿಡುವಾಗ ನಾನು ಪದಗಳ ನಡುವೆ ಹೈಫನ್ (-) ಒಂದನ್ನೇ ಬಳಸುತ್ತೇನೆ. 'ಅಪ್ಪೆಮಿಡಿ-ಪಿಕಲ್' ಎಂದರೆ ಗೂಗಲ್‌ಗೆ ಎರಡು ಪದ. ನಡುವೆ ಅಂಡರ್‌ಸ್ಕೋರ್ (_) ಬಂದರೆ ಅದು ಅಂಟಿಕೊಂಡ ಒಂದೇ ಪದ. ಯಾವ ಪದ ಎಂಬುದು ಇದಕ್ಕಿಂತ ಮುಖ್ಯ. ನಾವು ಅಡಿಕೆ ಎನ್ನುತ್ತೇವೆ, ಆದರೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ದೊರೆತದ್ದು 'ಶಿರಸಿ ಸುಪಾರಿ' ಎಂಬ ಹೆಸರಿಗೆ, ಹೊರರಾಜ್ಯದವರು ಬೆರಳಚ್ಚಿಸುವುದೂ ಅದನ್ನೇ. ಆ ಎರಡು ಪದಗಳನ್ನು ಪುಟದ ವಿಳಾಸಕ್ಕೂ ಚಿತ್ರಗಳ ಹೆಸರಿಗೂ ತಂದು, ಪುಟದ ಶೀರ್ಷಿಕೆಯನ್ನೂ ಹೊಂದಿಸಿದ ಬಳಿಕ ಇನ್ನೊಬ್ಬ ಗಿರಾಕಿಯ ಅಡಿಕೆ ಪುಟ ಗೂಗಲ್ ಫಲಿತಾಂಶಗಳ ಐದನೆಯ ಪುಟದಿಂದ ಮೊದಲ ಪುಟಕ್ಕೆ ಬಂತು. ಊರಿನ ಹೆಸರಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತಗಳಿವೆ. ಯಾವುದನ್ನು ಎಲ್ಲಿ ಇಡಬೇಕೆಂಬುದನ್ನು ನಾನು ಬಹಳ ದಿನ ಲೆಕ್ಕವಿಟ್ಟು ಕಂಡುಕೊಂಡಿದ್ದೇನೆ, ಅದು ನನ್ನ ಹೊಟ್ಟೆಪಾಡಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಯಾಣದ ದಾರಿಯ ಒಂದು ಹೋಮ್‌ಸ್ಟೇಗೆ ಎಂಟು ಪದಗಳ ವಿಳಾಸ ಕೊಟ್ಟೂ ನೋಡಿದೆ. ಸ್ಥಾನ ಒಂದಿಷ್ಟೂ ಏರಲಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಕಂಡವರು ಮೋಸದ ಲಿಂಕೆಂದು ಒತ್ತಲೇ ಇಲ್ಲ. ಈಗ ಮೂರು, ಹೆಚ್ಚೆಂದರೆ ನಾಲ್ಕು ಪದ.

ಕನ್ನಡ ಲಿಪಿಯಲ್ಲೇ ವಿಳಾಸ ಇಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಗೂಗಲ್ ಅದನ್ನು ಚೆನ್ನಾಗಿಯೇ ಓದುತ್ತದೆ. ಆದರೆ ಲಿಂಕನ್ನು ನಕಲಿಸಿ ಅಂಟಿಸಿದಾಗ ಪ್ರತಿ ಅಕ್ಷರಭಾಗವೂ ಶೇಕಡಾ ಚಿಹ್ನೆಗಳ ಒಂಬತ್ತು ಅಕ್ಷರಗಳಾಗಿ ಒಡೆಯುತ್ತದೆ: 'ಶಿರಸಿ' 45 ಆಗುತ್ತದೆ, 'ಅಪ್ಪೆಮಿಡಿ' 81. ಕನ್ನಡದಲ್ಲೇ ಹುಡುಕುವ ಓದುಗರಿಗಾಗಿ ಅಡುಗೆಯ ನಾಲ್ಕು ಪುಟಗಳನ್ನು ಹಾಗೆಯೇ ಉಳಿಸಿಕೊಂಡೆ, ಮಾರಾಟದ ಪುಟಗಳನ್ನು ಇಂಗ್ಲಿಷ್ ಲಿಪಿಗೆ ಮರಳಿಸಿದೆ.

ಉಪ್ಪಿನಕಾಯಿಯ ಸೈಟಿಗೆ ಈಗ ದಿನಕ್ಕೆ ಇನ್ನೂರೈವತ್ತರಷ್ಟು ಜನ ಬರುತ್ತಾರೆ, ಕಾಲು ಭಾಗ ಚಿತ್ರಗಳ ಹುಡುಕಾಟದಿಂದ. ತಡೆದಿದ್ದ 12,000 ನನ್ನ ಕೈಸೇರಿದೆ. ಹಳೆಯ ವಿಳಾಸಗಳ 301ನ್ನು ಒಂದು ವರ್ಷವಾದರೂ ಇಡಬೇಕೆಂದು ಗೂಗಲ್ ಹೇಳುತ್ತದೆ. ನಾನು ಇಂದಿಗೂ ತೆಗೆದಿಲ್ಲ, ಎಂದೋ ಕಳಿಸಿದ ಸಂದೇಶಗಳನ್ನು ಹಿಡಿದು ತಿಂಗಳಿಗೆ ಹತ್ತು ಹದಿನೈದು ಜನ ಆ ದಾರಿಯಲ್ಲೇ ಬಂದು ಮಿಡಿ ಕೊಳ್ಳುತ್ತಾರೆ.