ಮುರುಗಲು ಎಲೆಯ ಲೋಳೆ ಬಿಡಿಸಿದ್ದು

ಮಳೆಗಾಲದಲ್ಲಿ ಕೊಯ್ದ ಮುರುಗಲು (ಕೋಕಂ) ಎಲೆಯಿಂದ ಡಿಎನ್‌ಎ ತೆಗೆಯುವುದು ಸಿದ್ಧ ಕಿಟ್ ಇಲ್ಲದೆ ಆಗದ ಮಾತು ಎಂದವರೇ ಹೆಚ್ಚು. ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರ ಸೇರಿ ನೂರಿಪ್ಪತ್ತರ ಆಸುಪಾಸಿನ ಮರಗಳಲ್ಲಿ ಈಗ ಏಳೆಂಟು ಬಿಟ್ಟು ಉಳಿದವೆಲ್ಲ ಕಿಟ್ ಇಲ್ಲದೆಯೇ ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕನ್ನು ಪ್ರತಿ ಮಾಡಿ ಹೆಚ್ಚಿಸುವ ವಿಧಾನ) ಬಂದಿವೆ. ಕಿಟ್‌ಗೆ ಒಂದು ಎಲೆಗೆ ಇನ್ನೂರೈವತ್ತರ ಮೇಲೆ ಬೀಳುತ್ತಿತ್ತು, ಈ ವಿಧಾನಕ್ಕೆ ನಲವತ್ತು ರೂಪಾಯಿ ದಾಟಿಲ್ಲ.

ಕೆಡಿಸುತ್ತಿದ್ದದ್ದು ಲೋಳೆ. ಮಾಮೂಲಿ ಸಿಟಿಎಬಿಯಲ್ಲಿ (ಜೀವಕೋಶ ಒಡೆದು ಡಿಎನ್‌ಎ ಬಿಡಿಸುವ ಮಾರ್ಜಕದ ದ್ರಾವಣ) ಡಿಎನ್‌ಎ ಇಳಿಸಲು ಐಸೊಪ್ರೊಪನಾಲ್ ಹಾಕಿದೊಡನೆ ಡಿಎನ್‌ಎಯ ನೂಲು ಬರುವ ಬದಲು ಗಂಜಿಯಂಥ ಮುದ್ದೆ ಏಳುತ್ತದೆ. ಬೆಳಕು ಹೀರುವಿಕೆಯಿಂದ ಶುದ್ಧತೆ ಅಳೆಯುವ 260/280 ಅನುಪಾತ (ಪ್ರೋಟೀನ್ ಕಲಬೆರಕೆಗೆ) ಚೆನ್ನಾಗಿ 1.8 ತೋರಿಸುತ್ತದೆ, ಅದನ್ನು ನಂಬಬೇಡಿ. ಲೋಳೆಯಂಥ ಕಲಬೆರಕೆ ತೋರಿಸುವ 260/230 ಒಂದಕ್ಕಿಂತ ಕೆಳಗಿದ್ದರೆ ಟ್ಯಾಕ್ (ಪಿಸಿಆರ್ ನಡೆಸುವ ಕಿಣ್ವ) ದಂಡ. ಕ್ಲೋರೊಫಾರ್ಮ್ ಮೂರು ಸಲ ಹಾಕಿದರೂ ಲೋಳೆ ಹೋಗಲಿಲ್ಲ, ಡಿಎನ್‌ಎ ಮಾತ್ರ ಕಡಿಮೆಯಾಗುತ್ತ ಬಂತು. ಹೀಗೆ ಹೋದ ದುಡ್ಡು ಹದಿನೈದು ಸಾವಿರದ ಹತ್ತಿರ.

ದಾರಿ ಇಷ್ಟೆ: ಸಿಟಿಎಬಿಗೆ ಹಾಕುವ ಮೊದಲೇ ಒಣ ಎಲೆಯ ಪುಡಿಯನ್ನು ತೊಳೆಯಬೇಕು. 50 ಮಿಲಿಗ್ರಾಂ ಪುಡಿಗೆ 1 ಮಿಲಿ ತಣ್ಣನೆಯ ದ್ರಾವಣ: ಸಾರ್ಬಿಟಾಲ್ 0.35 ಮೋಲಾರ್, ಟ್ರಿಸ್ 100 ಮಿಲಿಮೋಲಾರ್, ಇಡಿಟಿಎ 5 ಮಿಲಿಮೋಲಾರ್, ಪಿವಿಪಿ ಶೇ 1, ಮರ್ಕ್ಯಾಪ್ಟೊಎಥನಾಲ್ ಶೇ 1 (ಇದನ್ನು ಬಳಸುವ ಹೊತ್ತಿಗೇ ಹೊಸದಾಗಿ ಬೆರೆಸಬೇಕು). ಚೆನ್ನಾಗಿ ಕುಲುಕಿ, ಸೆಂಟ್ರಿಫ್ಯೂಜ್‌ನಲ್ಲಿ 5000 ಜಿ (ಗುರುತ್ವದ 5000 ಪಟ್ಟು) ಬಲದಲ್ಲಿ 5 ನಿಮಿಷ ತಿರುಗಿಸಿ, ಮೇಲಿನದನ್ನು ಚೆಲ್ಲಿ. ಪಿಪೆಟ್‌ನ ಟಿಪ್ ಎತ್ತಿದಾಗ ಎಳೆ ಹಿಡಿಯದೆ ನೀರಿನಂತೆ ತೊಟ್ಟಿಕ್ಕುವವರೆಗೆ ಮತ್ತೆ ಮತ್ತೆ. ಕೆಂಪು ಚಿಗುರಿಗೆ ಎರಡು ಸಲ ಸಾಕು, ಬಲಿತ ಎಲೆಗೆ ನಾಲ್ಕು ಬೇಕಾದೀತು. ಆಮೇಲೆ ಸಿಟಿಎಬಿ 65 ಡಿಗ್ರಿಯಲ್ಲಿ 45 ನಿಮಿಷ, ಕ್ಲೋರೊಫಾರ್ಮ್ ಒಂದೇ ಸಲ. ಐಸೊಪ್ರೊಪನಾಲ್‌ಗೆ ಮೊದಲು ಉಪ್ಪನ್ನು 2.5 ಮೋಲಾರ್‌ಗೆ ಏರಿಸಿ. ಫ್ರೀಜರ್‌ಗೆ ಇಡಬೇಡಿ, ಉಪ್ಪೂ ಲೋಳೆಯೂ ಜೊತೆಗೇ ಇಳಿಯುತ್ತವೆ.

ಕೊಯ್ದ ಎಲೆಯನ್ನು ಒಣಗಿಸಲು ಅದರ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಬೇಕು. ನಡುದಂಟು ಹರಿದು ತೆಗೆಯಿರಿ. ಕರಾವಳಿಯಲ್ಲಿ ನೀಲಿ ಹರಳು ಮರುದಿನವೇ ಗುಲಾಬಿಯಾಗುತ್ತದೆ, ಆಗಲೇ ಬದಲಿಸಿ. ಅಡಿಕೆ ಡ್ರೈಯರ್‌ನಲ್ಲೂ ಒಣಗಿಸಿ ನೋಡಿದ್ದಾಯಿತು: ಡಿಎನ್‌ಎ ಚೂರುಚೂರು, ಡಿಎನ್‌ಎ ಓಡಿಸಿ ನೋಡುವ ಜೆಲ್ ತುಂಬ ಮಸಿ ಬಳಿದ ಹಾಗೆ. ಉಪ್ಪು ತುಂಬಿದ ಸಿಟಿಎಬಿ ದ್ರಾವಣದಲ್ಲಿ ಅದ್ದಿಟ್ಟ ಎಲೆ ಮಾತ್ರ ಹತ್ತು ದಿನ ತಡೆಯಿತು.

ಇನ್ನು ಮರದ ಆಯ್ಕೆ. ಹಿತ್ತಲ ಮರ ನೆಟ್ಟದ್ದು, ಅದರ ತಾಯಿ ಯಾವ ಊರಿನದೋ, ಬಿಟ್ಟುಬಿಡಿ. ಸೊಪ್ಪಿನ ಬೆಟ್ಟದಲ್ಲೂ (ತೋಟಕ್ಕೆ ಸೊಪ್ಪು ತರುವ ಕಾಡು) ಮರದಿಂದ ಮರಕ್ಕೆ ನೂರು ಮೀಟರ್ ಅಂತರ ಇರಲಿ. ಒಂದೇ ಮರದಡಿಯ ಒಡಹುಟ್ಟು ಗಿಡಗಳು ಸೇರಿದರೆ, ಡಿಎನ್‌ಎ ನೋಡಿ ಮರಗಳನ್ನು ವಂಶದ ಗುಂಪುಗಳಾಗಿ ವಿಂಗಡಿಸುವ ಸ್ಟ್ರಕ್ಚರ್ ತಂತ್ರಾಂಶ ಇಲ್ಲದ ಗುಂಪನ್ನೂ ಕಟ್ಟಿ ತೋರಿಸುತ್ತದೆ. ಗುಂಪುಗಳೆಷ್ಟು ಎಂದು ಡೆಲ್ಟಾ ಕೆ ಎಂಬ ಅಳತೆ ನೋಡಿ ನಿರ್ಧರಿಸುವವರು ನೆನಪಿಡಿ, ಗುಂಪು ಒಂದೇ ಎಂದು ಅದು ಹೇಳಲಾರದು. ಹಣ್ಣು ಬಿಟ್ಟ ಮರವನ್ನೇ ಹುಡುಕಿ ಕೊಯ್ದರೆ ಗಂಡು ಮರಗಳು ಪಟ್ಟಿಯಿಂದಲೇ ಬಿಟ್ಟುಹೋಗುತ್ತವೆ.