ಕಾಮಿಕ್ ಕಾನ್ ಬೆಳೆಯಿತು, ನನ್ನ ಪುಸ್ತಕದಿಂದ ಮಾತು ಹೋಯಿತು

ಕಾಮಿಕ್ಸ್ ಮೇಳವಾದ ಮುಂಬೈ ಕಾಮಿಕ್ ಕಾನ್‌ನಲ್ಲಿ ಸಣ್ಣ ಟೇಬಲ್ ಹಾಕಿ ಸ್ವಂತ ಕಾಮಿಕ್ಸ್ ಮಾರುವವರಲ್ಲಿ ನಾನೂ ಒಬ್ಬಳು. ಮನೆ ಡೊಂಬಿವಲಿಯಲ್ಲಿ. ಹಗಲು ಆಫೀಸು, ರಾತ್ರಿ ಚಿತ್ರ. ಮೇಳ ಸಣ್ಣದಿದ್ದಾಗಿನಿಂದ ನೋಡಿಕೊಂಡು ಬಂದಿದ್ದೇನೆ. ಅದು ದೊಡ್ಡದಾದಂತೆ ನನ್ನ ಟೇಬಲ್ ಬದಲಾಯಿತು, ಕೊನೆಗೆ ಪುಸ್ತಕವೇ ಬದಲಾಯಿತು. ಟೇಬಲ್ ಹಾಕಬೇಕು ಅಂತಿರುವ ಕನ್ನಡದ ಹುಡುಗ ಹುಡುಗಿಯರು ಹೇಗೆ ಅಂತ ಆಗಾಗ ಕೇಳುತ್ತಾರೆ. ಅವರಿಗಾಗಿ ಇದು.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಕಾಮಿಕ್ ಕಾನ್ ಇಂಡಿಯಾವನ್ನು ಜತಿನ್ ವರ್ಮಾ ಶುರುಮಾಡಿದ್ದು 2011ರ ಫೆಬ್ರವರಿಯಲ್ಲಿ, ದಿಲ್ಲಿ ಹಾಟ್‌ನಲ್ಲಿ. ಮುಂಬೈಗೆ ಬಂದದ್ದು 2012ರಲ್ಲಿ. ಆಗ ಅದರ ಹೆಸರು ಮುಂಬೈ ಫಿಲ್ಮ್ ಅಂಡ್ ಕಾಮಿಕ್ಸ್ ಕನ್ವೆನ್ಷನ್, ಜಾಗ ಕಫ್ ಪರೇಡ್‌ನ ವರ್ಲ್ಡ್ ಟ್ರೇಡ್ ಸೆಂಟರ್. ಆಮೇಲೆ ಗೋರೆಗಾಂವ್‌ನ ನೆಸ್ಕೋ, ನಂತರ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಜಿಯೋ ವರ್ಲ್ಡ್. ನ್ಯೂಯಾರ್ಕ್ ಕಾಮಿಕ್ ಕಾನ್ ನಡೆಸುವ ರೀಡ್‌ಪಾಪ್ 2014ರಲ್ಲಿ ಜೊತೆಯಾಯಿತು. 2024ರಲ್ಲಿ ನಾಡ್‌ವಿನ್ ಗೇಮಿಂಗ್ ಇದನ್ನು ಕೊಂಡುಕೊಂಡಿತು. ಕೊಂಡವರು ಗೇಮಿಂಗ್ ಕಂಪನಿಯವರು ಅಂದಮೇಲೆ ಮೇಳ ಯಾವ ಕಡೆ ಹರಡಿದೆ ಅಂತ ಗೊತ್ತಾಗುತ್ತದೆ, ಅಲ್ವಾ? ಅನಿಮೆ ಅನ್ನುವ ಜಪಾನಿ ಕಾರ್ಟೂನು, ಗೇಮು, ಸಿನಿಮಾ, ಟೀ ಶರ್ಟು, ಗೊಂಬೆ. ಕಾಮಿಕ್ಸ್ ಇವೆಲ್ಲದರ ನಡುವೆ ಒಂದು ಸಾಲು. ಎಲ್ಲ ಕಡೆ ಹೀಗೇ ಆಗಿದೆ. 1970ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೇಳ ಶುರುವಾದಾಗ ಬಂದವರು ಕೆಲವು ನೂರು ಜನ. ಈಗ ಅಲ್ಲಿ 1,30,000ಕ್ಕೂ ಜಾಸ್ತಿ ಜನ ಸೇರುತ್ತಾರೆ. ಅಲ್ಲೂ ಸಿನಿಮಾದವರು ದೊಡ್ಡ ಜಾಗ ಹಿಡಿದರು.

ಇದಕ್ಕೆ ಬೇಜಾರು ಮಾಡಿಕೊಳ್ಳುವವರು ನಮ್ಮ ಸಾಲಿನಲ್ಲೇ ಇದ್ದಾರೆ. ನನಗೆ ಹಾಗನಿಸಿಲ್ಲ. ಅಷ್ಟು ಜನ ಕಾಮಿಕ್ಸ್‌ಗಾಗಿಯೇ ಎಂದೂ ಬರುತ್ತಿರಲಿಲ್ಲ. ಬಂದವರಲ್ಲಿ ಸ್ವಲ್ಪ ಜನ ನಮ್ಮ ಮುಂದೆ ನಿಂತರೂ ಸಾಕು. ಆದರೆ ನಿಲ್ಲುವ ಹೊತ್ತು ಕಡಿಮೆಯಾಗಿದೆ ಅನ್ನುವುದು ನಿಜ. ಮೊದಲೆಲ್ಲ ಪುಸ್ತಕ ತಿರುವಿ, ಪೆನ್ನು ಯಾವುದು, ಕಾಗದ ಯಾವುದು ಅಂತ ಕೇಳುತ್ತಿದ್ದರು. ಈಗ ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ. ಒಂದು ಪುಟ ನೋಡುವಷ್ಟು ಸಮಯ ಸಿಕ್ಕರೆ ಪುಣ್ಯ.

ಇನ್ನೊಂದು ವಿಷಯ ನಮ್ಮವರದು. ಮೇಳ ದೊಡ್ಡದಾದಮೇಲೆ ಠಾಣೆ, ಮುಲುಂಡ್, ಗೋರೆಗಾಂವ್ ಕಡೆಯ ಕನ್ನಡ, ತುಳು ಕುಟುಂಬಗಳೂ ಮಕ್ಕಳನ್ನು ಕರೆದುಕೊಂಡು ಬರತೊಡಗಿದವು. ನನ್ನ ಟೇಬಲ್ ಮೇಲೆ ಕನ್ನಡದಲ್ಲಿ ಕಾಮಿಕ್ಸ್ ನೋಡಿ ಅಪ್ಪ ಅಮ್ಮಂದಿರ ಮುಖ ಅರಳುತ್ತಿತ್ತು. ಮಗುವಿನ ಕೈಗೆ ಕೊಡುತ್ತಿದ್ದರು. ಮಗು ಚಿತ್ರ ನೋಡಿ ವಾಪಸು ಇಡುತ್ತಿತ್ತು. "ಅವನಿಗೆ ಓದ್ಲಿಕ್ಕೆ ಬರುದಿಲ್ಲ ಮಾರಾಯ್ತಿ, ಮಾತಾಡ್ತಾನೆ ಅಷ್ಟೆ" ಅಂತ ಒಬ್ಬ ತಾಯಿ ಹೇಳಿದ್ದು ಈಗಲೂ ನೆನಪಿದೆ. ಈ ಊರಲ್ಲಿ ಅದು ಮನೆಮನೆಯ ಕಥೆ. ಹೋಟೆಲಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಅಜ್ಜಂದಿರ ಮೊಮ್ಮಕ್ಕಳು ಇವರು. ಮುನ್ಸಿಪಾಲಿಟಿಯ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುತ್ತಾ ಬಂದವು. ಮಾತು ಮನೆಯಲ್ಲಿ ಉಳಿಯಿತು, ಅಕ್ಷರ ಉಳಿಯಲಿಲ್ಲ.

ಹಾಗಾಗಿ ಮಾತೇ ಇಲ್ಲದ ಕಾಮಿಕ್ಸ್ ಮಾಡಲು ಕೂತೆ. ಪಾತ್ರಗಳ ಮಾತು ಬರೆಯುವ ಬಲೂನ್ ಒಂದು ಕೂಡ ಇಲ್ಲ. ಕಥೆ ಮುಂಬೈಯ ಯಕ್ಷಗಾನ ಕಲಾವಿದನದು. ಹಗಲು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ, ರಾತ್ರಿ ಸಂಘದ ಹಾಲ್‌ನಲ್ಲಿ ವೇಷ ಹಾಕುತ್ತಾನೆ, ಕಿರೀಟದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೊನೆಯ ಲೋಕಲ್‌ನಲ್ಲಿ ಮನೆಗೆ ಹೋಗುತ್ತಾನೆ. ಓದಲು ಬಾರದ ಮಗುವಿಗೆ ಅರ್ಥವಾಗಬೇಕು, ಗುಜರಾತಿಯವರಿಗೂ ಮರಾಠಿಯವರಿಗೂ ಅರ್ಥವಾಗಬೇಕು, ತಳ್ಳಾಟದಲ್ಲಿ ನಿಂತವರಿಗೆ ಒಂದೇ ಪುಟದಲ್ಲಿ ಹಿಡಿಯಬೇಕು.

ಮಾತು ತೆಗೆದರೆ ಕೆಲಸ ಹಗುರ ಅಂತ ಯಾರಾದರೂ ಅಂದುಕೊಂಡರೆ, ಅದು ಹಾಗಲ್ಲ. ಮಾತಿದ್ದರೆ "ಮರುದಿನ" ಅಂತ ಒಂದು ಡಬ್ಬಿಯಲ್ಲಿ ಬರೆದರೆ ಮುಗಿಯಿತು. ಇಲ್ಲದಿದ್ದರೆ ಬೆಳಕು ಬದಲಿಸಬೇಕು, ಅಂಗಿ ಬದಲಿಸಬೇಕು, ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಇಡಬೇಕು. ಪುಟಕ್ಕೆ ಐದು ಚೌಕಕ್ಕಿಂತ ಜಾಸ್ತಿ ಇಟ್ಟರೆ ಕಣ್ಣು ದಾರಿ ತಪ್ಪುತ್ತದೆ. ಕೋಪ, ನಾಚಿಕೆ, ದಣಿವು ಎಲ್ಲ ಕೈಗಳಲ್ಲೇ ಬರಬೇಕು, ಯಾಕೆಂದರೆ ಬಣ್ಣ ಹಚ್ಚಿದ ಮುಖದಲ್ಲಿ ಸಣ್ಣ ಭಾವ ಕಾಣುವುದಿಲ್ಲ. ಚೆಂಡೆಯದು ನನಗೆ ತುಂಬಾ ದಿನ ಕಾಡಿದ ಪ್ರಶ್ನೆ. ಅಕ್ಷರವಿಲ್ಲದೆ ಸದ್ದು ಬರೆಯುವುದು ಹೇಗೆ? ಕೊನೆಗೆ ಚೌಕದ ಗೆರೆಗಳನ್ನೇ ಬಡಿತಕ್ಕೆ ತಕ್ಕಂತೆ ಮುರಿದೆ. ನಿಧಾನದ ಕಡೆ ಅಗಲ ಚೌಕ, ಬಡಿತ ಬಿರುಸಾದಾಗ ಸಣ್ಣಸಣ್ಣ ಚೂರು. ಅದು ಕೂತಿತು.

ಪರೀಕ್ಷೆ ಮಾಡಿದ್ದು ಹೀಗೆ. ಪೆನ್ಸಿಲ್ ಪುಟಗಳನ್ನು ಬಿಲ್ಡಿಂಗಿನ ಮಕ್ಕಳ ಕೈಗೆ ಕೊಟ್ಟು, ಕಥೆ ಹೇಳು ಅನ್ನುತ್ತಿದ್ದೆ. ನಾನು ಬಾಯಿ ಬಿಡುತ್ತಿರಲಿಲ್ಲ. ಮಗು ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ, ಆ ಪುಟ ಮತ್ತೆ ಬರೆಯುತ್ತಿದ್ದೆ. ಕಾಮಿಕ್ಸ್ ಮಾಡುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಗೆಳೆಯರು ಚೆನ್ನಾಗಿದೆ ಅನ್ನುತ್ತಾರೆ, ಮಕ್ಕಳು ಎಲ್ಲಿ ಅರ್ಥವಾಗಲಿಲ್ಲ ಅಂತ ತೋರಿಸಿಕೊಡುತ್ತಾರೆ.

ಪ್ರಿಂಟ್ ವಿಷಯ ಬೇಗ ಮುಗಿಸುತ್ತೇನೆ. ಪುಟಗಳು ನಾಲ್ಕರ ಲೆಕ್ಕದಲ್ಲಿ ಇರಲಿ, ಸೆಂಟರ್ ಪಿನ್ ಹೊಡೆಯಲು ಅದೇ ಅನುಕೂಲ. ಪ್ರತಿ ಅಂಚಿಗೆ 3 ಮಿ.ಮೀ. ಜಾಸ್ತಿ ಬಣ್ಣ ಬಿಡಿ, ಕತ್ತರಿಸುವಾಗ ಅಷ್ಟು ಹೋಗುತ್ತದೆ. ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರು ಕಾಗದದ ಮೇಲೆ ಮಂಕಾಗುತ್ತವೆ, ಅದಕ್ಕೆ ಪ್ರೂಫ್, ಅಂದರೆ ಮಾದರಿ ಅಚ್ಚು, ನೋಡದೆ ಹೂಂ ಅನ್ನಬೇಡಿ. ನೂರಿನ್ನೂರು ಪ್ರತಿಗೆ ಡಿಜಿಟಲ್ ಸಾಕು. ಸಾವಿರದ ಹತ್ತಿರ ಹೋದರೆ ಆಫ್‌ಸೆಟ್ ಅಗ್ಗ. ನನ್ನದು ಲೋವರ್ ಪರೇಲ್‌ನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ.

ಟೇಬಲ್‌ನಲ್ಲಿ ಕಾಸ್‌ಪ್ಲೇಯವರನ್ನು, ಅಂದರೆ ಇಷ್ಟದ ಪಾತ್ರದ ವೇಷ ಹಾಕಿ ಬರುವವರನ್ನು, ನೆನಪಿಡಬೇಕು. ರೆಕ್ಕೆ, ಕತ್ತಿ, ಭುಜಕವಚ ಹೊತ್ತು ಬರುತ್ತಾರೆ. ಓಣಿ ಕಡೆಗೆ ಎತ್ತರದ ಸ್ಟ್ಯಾಂಡ್ ಇಟ್ಟರೆ ಬಿತ್ತು ಅಂತಲೇ. ನಾನು ಎಲ್ಲವನ್ನೂ ಬೆನ್ನ ಹಿಂದೆ ತೂಗು ಹಾಕಿ, ಮುಂದೆ ಒಂದು ತೆರೆದ ಪುಸ್ತಕ ಮಾತ್ರ ಇಡುತ್ತೇನೆ. ಅವರಿಗೆ ಸ್ವಲ್ಪ ಹೊತ್ತು ಚೀಲ ಇಡಲು ಜಾಗ ಕೊಡಿ. ಅಷ್ಟು ಶ್ರದ್ಧೆಯಿಂದ ವೇಷ ಕಟ್ಟುವವರು ಯಕ್ಷಗಾನದ ವೇಷವನ್ನು ನೋಡುವ ರೀತಿಯೇ ಬೇರೆ. ನನ್ನ ಪುಸ್ತಕವನ್ನು ಗಮನವಿಟ್ಟು ನೋಡಿದವರಲ್ಲಿ ಅವರೇ ಜಾಸ್ತಿ. ದುಡ್ಡಿನ ವಿಷಯ: ಮಧ್ಯಾಹ್ನ ಹಾಲ್ ತುಂಬಿದಾಗ ನೆಟ್‌ವರ್ಕ್ ಸತ್ತುಹೋಗುತ್ತದೆ, ಯುಪಿಐ ತಿರುಗುತ್ತಲೇ ಇರುತ್ತದೆ. ಬೇರೆ ಬೇರೆ ಕಂಪನಿಯ ಎರಡು ಸಿಮ್, ಜೊತೆಗೆ ಚಿಲ್ಲರೆ, ಎರಡೂ ಬೇಕು.

ಸಾಲಿನಲ್ಲಿ ಹೆಚ್ಚು ಹಣ ತರುವುದು ಹೆಸರಾಂತ ಪಾತ್ರಗಳ ಪೋಸ್ಟರ್. ನಾನು ಅದನ್ನು ಮಾರುವುದಿಲ್ಲ. ಬೇರೆಯವರ ಪಾತ್ರ ಅನ್ನುವುದು ಒಂದು ಕಾರಣ. ಪೋಸ್ಟರ್ ಕೊಂಡವರು ಪುಸ್ತಕದ ಕಡೆ ತಿರುಗುವುದಿಲ್ಲ ಅನ್ನುವುದು ಇನ್ನೊಂದು. ನನ್ನ ಪುಸ್ತಕದ್ದೇ ಚೌಕಗಳನ್ನು ಸ್ಟಿಕ್ಕರ್ ಮಾಡಿದೆ. ಟೇಬಲ್ ಬಾಡಿಗೆಯನ್ನು ಗೆಳತಿಯೊಬ್ಬಳ ಜೊತೆ ಹಂಚಿಕೊಳ್ಳುತ್ತೇನೆ.

ಕನ್ನಡದ ಹಿರಿಯರು ಬಂದರೆ ಅನಂತ ಪೈ ಅವರ ಮಾತು ತೆಗೆಯುತ್ತೇನೆ. ಕಾರ್ಕಳದಲ್ಲಿ ಹುಟ್ಟಿ, ಮುಂಬೈಯಲ್ಲಿ ಕೂತು ಅಮರ ಚಿತ್ರ ಕಥೆ, ಟಿಂಕಲ್ ಕಟ್ಟಿದವರು. 2011ರ ಆ ಮೊದಲ ದಿಲ್ಲಿ ಮೇಳದಲ್ಲಿ ಅವರಿಗೆ ಜೀವಮಾನ ಸಾಧನೆಯ ಗೌರವ ಸಿಕ್ಕಿತು, ಕೆಲವೇ ದಿನಕ್ಕೆ, ಫೆಬ್ರವರಿ 24ರಂದು, ತೀರಿಕೊಂಡರು. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಅದಕ್ಕೇ ಇಂಗ್ಲಿಷಿನಲ್ಲಿ ಬಂದ ‘ಕೃಷ್ಣ’ ಪುಸ್ತಕಕ್ಕೆ 11ನೇ ನಂಬರ್. ಇದನ್ನು ಕೇಳಿದ ಅಜ್ಜಂದಿರು ಮೊಮ್ಮಕ್ಕಳನ್ನು ಹತ್ತಿರ ಎಳೆದುಕೊಂಡು, ನನ್ನ ಪುಸ್ತಕ ತೆರೆದು, ತಮ್ಮ ಮಾತಿನಲ್ಲಿ ಕಥೆ ಹೇಳತೊಡಗುತ್ತಾರೆ. ಒಬ್ಬೊಬ್ಬರದು ಒಂದೊಂದು ಕಥೆ. ತುಳುವಿನಲ್ಲಿ, ಕುಂದಾಪುರ ಕನ್ನಡದಲ್ಲಿ, ಧಾರವಾಡದ ಕಡೆಯ ಮಾತಿನಲ್ಲಿ ಕೇಳಿದ್ದೇನೆ. ಬಲೂನ್ ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ಈಗ ಎರಡನೇ ಪುಸ್ತಕ ನಡೆದಿದೆ, ಹೋಟೆಲ್ ಹುಡುಗರ ರಾತ್ರಿ ಶಾಲೆಯ ಮೇಲೆ. ಇದರಲ್ಲೂ ಬಲೂನ್ ಇಲ್ಲ, ಆದರೆ ಚಿತ್ರದೊಳಗೆ ಅಕ್ಷರ ಇರುತ್ತದೆ. ಹುಡುಗ ಕಲಿತಂತೆ ಕರಿಹಲಗೆಯ ಮೇಲೆ ಮೊದಲು ಅ, ಆ, ಆಮೇಲೆ "ಅಮ್ಮ", ಕೊನೆಗೆ ಊರಿಗೆ ಬರೆಯುವ ಒಂದು ಸಣ್ಣ ಕಾಗದ. ಪೆನ್ಸಿಲ್ ಪುಟಗಳು ಬಿಲ್ಡಿಂಗಿನ ಮಕ್ಕಳ ಕೈಯಲ್ಲಿವೆ. ಕಾಗದದ ಪುಟದಲ್ಲಿ ಅವರಿನ್ನೂ ತಡೆಯುತ್ತಿದ್ದಾರೆ, ಅದನ್ನು ಮತ್ತೆ ಬರೆಯಬೇಕು.