ಬೇವಿನ ಗಿಡ ಉಳಿಸಿಕೊಂಡೇ ಪೈಪ್ ಸರಿ ಮಾಡಿಸಿದೆವು

ಕಲಬುರಗಿಯಲ್ಲಿ ನಮ್ಮದು ಹಳೇ ಮನೆ. ಹಿತ್ತಲಲ್ಲಿ ದೊಡ್ಡ ಬೇವಿನ ಗಿಡ ಇದೆ. ಮುಗಿಲಿಗೆ ಮುಟ್ಟಿದರೂ ನಮ್ಮ ಕಡೆ ಅದನ್ನು ಗಿಡ ಅಂತಲೇ ಅನ್ನುತ್ತೇವೆ. ನಮ್ಮ ಮಾವನವರು ಹಚ್ಚಿದ್ದು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಅದರ ನೆರಳಲ್ಲಿ ಹೊರಸು ಹಾಕಿಕೊಂಡೇ ಮಧ್ಯಾಹ್ನ ಕಳೆಯುತ್ತೇವೆ. ಆ ಗಿಡದಿಂದ ಎಂಟು ಅಡಿ ದೂರದಲ್ಲಿ ಸೆಪ್ಟಿಕ್ ಟ್ಯಾಂಕಿನ ಪೈಪ್ ಹೋಗುತ್ತದೆ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಸಂಡಾಸಿನ ನೀರು ನಿಧಾನ ಇಳಿಯತೊಡಗಿತು. ಬಕೆಟ್ ನೀರು ಸುರಿದರೆ ಗುಳುಗುಳು ಸದ್ದು. ಯಾರೋ ಹೇಳಿದರು ಅಂತ ಆಸಿಡ್ ಹಾಕಿದೆವು. ಅದು ನಮ್ಮ ತಪ್ಪು. ಟ್ಯಾಂಕಿನೊಳಗೆ ಹೊಲಸನ್ನು ಕೊಳೆಸಿ ಕರಗಿಸುವ ಬ್ಯಾಕ್ಟೀರಿಯಾಗಳು ಅದರಿಂದ ಸಾಯುತ್ತವೆ, ಪೈಪಿನೊಳಗೆ ಹೊಕ್ಕ ಗಿಡದ ಬೇರು ಹಾಗೇ ಉಳಿಯುತ್ತದೆ. ಆಮೇಲೆ ಬಿದಿರಿನ ಸೀಳು ತೂರಿಸಿ ತಳ್ಳಿಸಿದೆವು. ಮೂರು ತಿಂಗಳು ಚೆನ್ನಾಗಿತ್ತು, ಮತ್ತೆ ಅದೇ ಕಥೆ.

ಕೊನೆಗೆ ಕೂತು ಯೋಚನೆ ಮಾಡಿದೆ. ನೀರು ಎಲ್ಲಿ ನಿಲ್ಲುತ್ತಿದೆ ಅಂತ ಮೊದಲು ಗೊತ್ತಾಗಬೇಕಲ್ವಾ? ಮನೆಗೂ ಟ್ಯಾಂಕಿಗೂ ನಡುವೆ ಇರುವ ಚೇಂಬರಿನ ಮೇಲೆ ಮುಚ್ಚಿದ ಫರಸಿ ಕಲ್ಲು ಎತ್ತಿಸಿದೆ. ಅದು ತುಂಬಿ ನಿಂತಿತ್ತು. ಟ್ಯಾಂಕಿನ ಮುಚ್ಚಳ ಸ್ವಲ್ಪ ಸರಿಸಿ ದೂರ ನಿಂತು ನೋಡಿದರೆ ಅಲ್ಲಿ ನೀರು ಎಂದಿನ ಮಟ್ಟದಲ್ಲೇ ಇತ್ತು. ಅಂದರೆ ಅಡಚಣೆ ಇದ್ದದ್ದು ಚೇಂಬರ್ ಮತ್ತು ಟ್ಯಾಂಕಿನ ನಡುವಿನ ಹನ್ನೆರಡು ಅಡಿ ಪೈಪಿನಲ್ಲಿ. ಟ್ಯಾಂಕೂ ತುಂಬಿ ಮೇಲೆ ಬಂದಿದ್ದರೆ ಟ್ಯಾಂಕಿನ ನೀರು ಹೋಗಿ ಮಣ್ಣಿಗೆ ಇಳಿಯುವ ಇಂಗುಗುಂಡಿಯನ್ನು ನೋಡಬೇಕಿತ್ತು. ಇಷ್ಟು ತಿಳಿದ ಮೇಲೆ ಸುಮ್ನೆ ಅಂಗಳವೆಲ್ಲ ಅಗೆಸುವುದು ತಪ್ಪಿತು.

ಕೆಲಸ ಜನವರಿಗೆ ಇಟ್ಟುಕೊಂಡೆವು. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಅಗೆದರೆ ಕೆಸರು, ಬೇಸಿಗೆಯಲ್ಲಿ ಕಲ್ಲು. ಬಿಸಿಲಿನಲ್ಲಿ ಬೇರು ಕಡಿದರೆ ಗಿಡಕ್ಕೂ ಕಷ್ಟ.

ಅಗೆದಾಗ ಕಂಡದ್ದನ್ನು ನಾನು ಮರೆಯುವುದಿಲ್ಲ. ಸುಟ್ಟ ಮಣ್ಣಿನ ಹಳೇ ಸ್ಟೋನ್‌ವೇರ್ ಪೈಪ್, ಎರಡೆರಡು ಅಡಿಯ ತುಂಡುಗಳು. ಪ್ರತಿ ಎರಡು ಅಡಿಗೆ ಒಂದು ಸಿಮೆಂಟ್ ಜಾಯಿಂಟ್. ಒಂದು ಜಾಯಿಂಟಿನಲ್ಲಿ ದಾರದಷ್ಟು ಸಣ್ಣ ಬೇರು ಒಳಗೆ ಹೋಗಿತ್ತು. ಪೈಪ್ ಒಡೆದಾಗ ಒಳಗಿನಿಂದ ಎರಡಡಿ ಉದ್ದದ ಬೇರಿನ ಜಡೆ ಬಂತು. ಅಷ್ಟೂ ಕೂದಲೆಳೆಯಂಥ ಬೇರು, ಪೈಪಿನ ಆಕಾರಕ್ಕೇ ದುಂಡಗೆ ಹೆಣೆದುಕೊಂಡಿತ್ತು. ಗೌಂಡಿ ಅದನ್ನು ಕೈಯಲ್ಲಿ ಹಿಡಿದು ಹೇಳಿದ: "ಅಕ್ಕಾರ, ಗಿಡ ಪೈಪ್ ಒಡೆದಿಲ್ರಿ. ಪೈಪ್ ಮೊದ್ಲೇ ಸೋರ್ತಿತ್ತು, ಅದಕ್ಕ ಗಿಡ ಬಂದದ."

ಅವನ ಮಾತು ಖರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ವರ್ಷಾ ವರ್ಷಾ ಹೀಗೆ ಅಲುಗಾಡಿದರೆ ಸಿಮೆಂಟ್ ಜಾಯಿಂಟ್ ಬಿಡದೇ ಇರುತ್ತದೆಯೇ? ಸುತ್ತ ಎಲ್ಲ ಒಣಗಿದಾಗ ಅಲ್ಲೊಂದು ಕಡೆ ತೇವ ಇರುತ್ತದೆ, ಬೇರು ಅಲ್ಲಿಗೇ ಹೋಗುತ್ತದೆ. ಗಿಡ ಕಡಿಸಿಬಿಡಿ ಅಂತ ಹೇಳಿದವರು ಬಹಳ ಜನ. ಕಡಿಸಿದ್ದರೂ ಆ ಪೈಪ್ ಸೋರುತ್ತಲೇ ಇರುತ್ತಿತ್ತು.

ಹಾಗಾಗಿ ಪೈಪನ್ನೇ ಬದಲಿಸಿದೆವು. ನಾಲ್ಕು ಇಂಚಿನ ಪಿವಿಸಿ ಪೈಪ್ ಇಪ್ಪತ್ತು ಅಡಿ ಉದ್ದಕ್ಕೆ ಸಿಗುತ್ತದೆ. ನಮಗೆ ಬೇಕಾದ ಹನ್ನೆರಡು ಅಡಿಗೆ ನಡುವೆ ಒಂದೂ ಜಾಯಿಂಟ್ ಬರಲಿಲ್ಲ. ಕೆಳಗಿನ ಎರೆಮಣ್ಣು ತೆಗೆಸಿ ಆರು ಇಂಚು ಮುರುಮ್ (ಗರಸು ಮಣ್ಣು) ಹಾಕಿಸಿ, ಅದರ ಮೇಲೆ ಮರಳು ಹರಡಿ ಪೈಪ್ ಇಟ್ಟೆವು. ಟ್ಯಾಂಕಿನ ಕೊನೆಗೆ ಮೂರು ಇಂಚು ಇಳಿಜಾರು. ಪೈಪ್ ಚೇಂಬರಿನ ಗೋಡೆ, ಟ್ಯಾಂಕಿನ ಗೋಡೆ ಹೊಗುವ ಎರಡೂ ಕಡೆ ವಾಟರ್‌ಪ್ರೂಫ್ ಪುಡಿ ಬೆರೆಸಿದ ಸಿಮೆಂಟ್ ಗಟ್ಟಿಯಾಗಿ ತುಂಬಿಸಿದೆ. ಅಲ್ಲಿ ನಾನೇ ನಿಂತು ನೋಡಿದೆ, ಯಾಕೆಂದರೆ ಇನ್ನು ಬೇರಿಗೆ ಉಳಿದ ದಾರಿ ಅವೆರಡೇ. ಪೈಪಿಗೆ ಅಗೆದ ಕಾಲುವೆಗೆ ಅಡ್ಡ ಬಂದ ಬೆರಳು ದಪ್ಪದ ಬೇರುಗಳನ್ನು ಮಾತ್ರ ಗರಗಸದಲ್ಲಿ ಕೊಯ್ಸಿದೆವು. ಬುಡದ ಹತ್ತಿರದ ದಪ್ಪ ಬೇರು ಮುಟ್ಟಲಿಲ್ಲ. ಅವು ಹೋದರೆ ಗಾಳಿಗೆ ಗಿಡ ನಿಲ್ಲುವುದಿಲ್ಲ. ಬೇರು ಸಾಯಲಿ ಅಂತ ಮೈಲುತುತ್ತ ಹಾಕಿ ಅಂದವರೂ ಇದ್ದರು. ನಾನು ಒಪ್ಪಲಿಲ್ಲ. ಅದು ತಾಮ್ರದ ವಿಷ, ಟ್ಯಾಂಕಿಗೂ ಒಳ್ಳೆಯದಲ್ಲ. ನಮ್ಮ ಬೋರ್‌ವೆಲ್ ಅದೇ ಅಂಗಳದಲ್ಲಿದೆ.

ಒಂದು ಸಂಗತಿ ಹೇಳಲೇಬೇಕು. ಟ್ಯಾಂಕರ್ ಗಾಡಿ ಕರೆಸಿ ಟ್ಯಾಂಕ್ ಖಾಲಿ ಮಾಡಿಸಿದಾಗ, ಒಳಗೆ ಪೈಪಿನ ಬಾಯಲ್ಲಿ ಬೇರು ಜೋತುಬಿದ್ದಿತ್ತು. ಕೆಲಸಕ್ಕೆ ಬಂದವರೊಬ್ಬರು ಅಂಗಿ ಕಳಚಿ ಇಳಿಯಲು ನಿಂತರು. "ಒಂದೇ ನಿಮಿಷರಿ ಅಕ್ಕಾರ" ಅಂದರು. ನನಗೆ ಎದೆ ಹೊಡೆದುಕೊಂಡಿತು. "ಅರ್ಧ ನಿಮಿಷನೂ ಬ್ಯಾಡ ಅಣ್ಣಾ" ಅಂತ ಕೈ ಹಿಡಿದು ನಿಲ್ಲಿಸಿದೆ. ಖಾಲಿ ಟ್ಯಾಂಕಿನಲ್ಲೂ ಗ್ಯಾಸ್ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ರಕ್ಷಣೆಯ ಸಾಮಗ್ರಿ ಇಲ್ಲದೆ ಹೀಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಇರದಿದ್ದರೂ ನಾನು ಇಳಿಸುತ್ತಿರಲಿಲ್ಲ. ಉದ್ದನೆಯ ಕೋಲಿಗೆ ಕುಡುಗೋಲು ಕಟ್ಟಿ ಮೇಲಿನಿಂದಲೇ ಕೊಯ್ದರು. ಒಂದು ತಾಸು ಹಿಡಿಯಿತು, ಹಿಡಿಯಲಿ.

ಬಚ್ಚಲಿನ ನೀರನ್ನು ಈಗ ಗಿಡದ ಆ ಕಡೆಗೆ ತಿರುಗಿಸಿದ್ದೇವೆ. ಟ್ಯಾಂಕಿನ ಮೇಲೆ ಭಾರ ಕಡಿಮೆ, ಬೇವಿಗೂ ಅಲ್ಲೇ ತೇವ ಸಿಗುತ್ತದೆ. ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು ಅಂತ ಗೋಡೆಯ ಮೇಲೆ ತಾರೀಖು ಬರೆದಿಟ್ಟಿದ್ದೇನೆ. ಚೇಂಬರಿನ ಫರಸಿ ಆರು ತಿಂಗಳಿಗೊಮ್ಮೆ ಎತ್ತುತ್ತೇವೆ. ಹೋದ ಸಲ ಮೂಲೆಯಲ್ಲಿ ಕೂದಲೆಳೆಯಂಥ ಒಂದು ಬೇರು ಕಂಡಿತು. ಅಲ್ಲಿ ಗಿಲಾವು ಸ್ವಲ್ಪ ಬಿರುಕು ಬಿಟ್ಟಿತ್ತು. ಬೇರು ತೆಗೆದು, ಬಿರುಕು ಕೆರೆದು, ಅವತ್ತೇ ಸಿಮೆಂಟ್ ತುಂಬಿದೆವು.